ಮೋರಿಯಲ್ಲಿ ಕೂಳಿ ಇಟ್ಟವನು

ಮೊನ್ನೆ ಮೈಸೂರಿನಿಂದ ಬರುವಾಗ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಬದಿಯ ಹೋಟೆಲೊಂದಕ್ಕೆ ಕಾಫಿಗೆಂದು ಹೋದೆ. ಕೂತು ತಲೆಯೆತ್ತಿದರೆ ಮೇಜಿನ ಮೇಲೆ ತೂಗುತ್ತಿರುವುದು ಕೂಳಿ! ಹಳ್ಳದಲ್ಲಿ ಮೀನು ಹಿಡಿಯಲು ಇಡುವ ಬಿದಿರು ಕಡ್ಡಿಯ ಕೂಳಿ. ಅದಕ್ಕೆ ವಾರ್ನಿಷ್ ಬಳಿದು, ಬಾಯಿ ಮೇಲೆ ಮಾಡಿ, ಒಳಗೊಂದು ಬಲ್ಬು ಇಳಿಬಿಟ್ಟಿದ್ದರು. ಇದೇನಪ್ಪ ಅಂತ ಸಪ್ಲೈಯರನ್ನು ಕೇಳಿದೆ. "ವಿಲೇಜ್ ಸ್ಟೈಲ್ ಲೈಟು ಮೇಡಂ" ಅಂದ. ಹಳ್ಳ ಮುಚ್ಚಿದವರಿಗೆ ಕೂಳಿ ದೀಪದ ಗೂಡಾಗದೆ ಇನ್ನೇನಾಗುತ್ತದೆ… ಹೊರಗೆ ಮುಂಗಾರಿನ ಮೊದಲ ಮಳೆ ಹಿಡಿದಿತ್ತು. ನಮ್ಮ ಪಕ್ಕದ ಮನೆಯ ದೊಡ್ಡಪ್ಪ ನೆನಪಾದ.

ದೊಡ್ಡಪ್ಪ ಅಂದರೆ ನಂಟಲ್ಲ, ಬಾಯಿ ಮಾತಿನ ದೊಡ್ಡಪ್ಪ. ಕೆ.ಆರ್. ಪೇಟೆಯಲ್ಲಿ ಕಿಕ್ಕೇರಿ ರಸ್ತೆ ಕಡೆ ನಮ್ಮ ಮನೆ, ಅವನ ಮನೆ ಅಕ್ಕಪಕ್ಕ. ಮನೆ ಹಿಂದೆ ಅವನ ಹೊಲ, ಹೊಲದ ಅಂಚಿಗೆ ಹಳ್ಳ. ಹಳ್ಳ ಹರಿದು ಕೆಳಗಿನ ಕೆರೆ ಸೇರುತ್ತಿತ್ತು. ಮೊದಲ ಮಳೆಯ ನೀರು ಕೆರೆಗೆ ಇಳಿಯಿತೆಂದರೆ ಸಾಕು, ಕೆರೆಯ ಮೀನು ಅದೇ ನೀರಿಗೆ ಎದುರಾಗಿ ಮೊಟ್ಟೆಯಿಡಲು ಹಳ್ಳ ಹತ್ತಿ ಬರುತ್ತಿದ್ದವು. ಅದಕ್ಕೇ ಅವಕ್ಕೆ ಹತ್ತುಮೀನು ಅಂತ ಹೆಸರು. ದೊಡ್ಡಪ್ಪ ಕಲ್ಲು, ಸೊಪ್ಪು, ಮಣ್ಣು ಹಾಕಿ ಹಳ್ಳಕ್ಕೆ ಅಡ್ಡ ಕಟ್ಟಿ ನಡುವೆ ಕೂಳಿ ಇಡುತ್ತಿದ್ದ. ಒಂದು ಬದಿಯಲ್ಲಿ ಮಾತ್ರ ಗಂಡಿ ಬಿಡುತ್ತಿದ್ದ. ಅದನ್ನೂ ಮುಚ್ಚಿದರೆ ಇನ್ನೊಂದು ಬುಟ್ಟಿ ಮೀನು ಸಿಗುತ್ತದಲ್ಲ ಅಂತ ನಾನೊಮ್ಮೆ ಕೇಳಿದ್ದೆ.

"ಎಲ್ಲಾನೂ ನಾವೇ ಬಾಚ್ಕೊಂಡ್ರೆ ಮುಂದ್ಲೊರ್ಸ ಏನ್ ಬತ್ತದೆ? ಬಸ್ರಿ ಮೀನ್ಗೆ ದಾರಿ ಬುಡ್ಬೇಕು ಕಣ್ ಮಗ" ಅಂದಿದ್ದ.

ಇಷ್ಟು ಗೊತ್ತಿದ್ದ ಮನುಷ್ಯ ಏನು ಮಾಡಿದ ಅಂತೀರಿ? ಹೊಲವನ್ನು ಸೈಟು ಮಾಡಿದ. ಮಾಡಲಿ, ಊರೆಲ್ಲ ಮಾಡುತ್ತಿತ್ತು. ಆದರೆ ಅವನ ಹೊಲದ ಹತ್ತಿರ ಹಳ್ಳ ಒಂದು ಬಾಗು ಬಾಗಿ ಹೋಗುತ್ತಿತ್ತು. ಹತ್ತಿ ಬಂದ ಮೀನು ದಣಿವಾರಿಸಿಕೊಳ್ಳುತ್ತಿದ್ದದ್ದು ಆ ಬಾಗಿನ ಮಡುವಿನಲ್ಲೇ. ಬಾಗು ತೆಗೆದು ಹಳ್ಳವನ್ನು ನೆಟ್ಟಗೆ ಕಾಂಕ್ರೀಟ್ ಮೋರಿಯೊಳಗೆ ತುರುಕಿದರೆ ಇನ್ನೆರಡು ಸೈಟು ಸಿಗುತ್ತವೆ ಅಂತ ಬಡಾವಣೆ ಮಾಡುವವನು ಕಿವಿಯೂದಿದ. ದೊಡ್ಡಪ್ಪ ಹೂಂ ಅಂದ. ಹಳ್ಳ ಯಾರಪ್ಪನದು ಅಂತ ಕೇಳಬೇಕಾದವರೆಲ್ಲ ಗುದ್ದಲಿ ಪೂಜೆಗೆ ಬಂದು ಹಾರ ಹಾಕಿಸಿಕೊಂಡು ಹೋದರು. ಹಳ್ಳ ಹೂತ ಬಡಾವಣೆಗೆ ನದಿಯ ಹೆಸರಿಟ್ಟು ಕಮಾನು ನಿಲ್ಲಿಸಿದರು. ನಾಚಿಕೆ ಅನ್ನುವುದು ಇವರ ಮನೆ ಹೊಸ್ತಿಲಿಗೂ ಬಂದಿರಲಿಕ್ಕಿಲ್ಲ.

ಸೈಟುಗಳಲ್ಲಿ ಮನೆಗಳೆದ್ದ ಮೇಲೆ ಮೋರಿ ಕಟ್ಟುವಾಗ ದೊಡ್ಡಪ್ಪ ದಿನಾ ಹೋಗಿ ನಿಲ್ಲುತ್ತಿದ್ದ. ಒಂದು ದಿನ ಮೇಸ್ತ್ರಿಗೆ, "ಈ ಗ್ವಾಡೇಲೊಂದು ಆ ಗ್ವಾಡೇಲೊಂದು ಕಚ್ಚು ಬುಡ್ಲಾ, ನನ್ ಕೂಳಿ ಕುಂತ್ಕೋಬೇಕು" ಅಂದ. ಮೇಸ್ತ್ರಿ ನಗುತ್ತಲೇ ಬಿಟ್ಟ. ಮೋರಿಗೆ ಕೂಳಿ! ನಮ್ಮಮ್ಮನಿಗೆ ತಡೆಯಲಾಗಲಿಲ್ಲ.

"ಬಾವ, ಮೋರಿಗೆ ಯಾವ ಮೀನು ಬತ್ತದೆ?"

"ನೀರು ಅದೇ, ದಾರಿ ಅದೇ ಕಣವ್ವ. ಸಿಮೆಂಟ್ ಬಳುದ್ರೆ ಮೀನ್ಗೇನ್ ಗೊತ್ತಾಯ್ತದೆ? ಬಂದೇ ಬತ್ತವೆ, ನೋಡ್ತಿರು" ಅಂದ.

ಆ ವರ್ಷದ ಮೊದಲ ಮಳೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮುಂಚೆ ಹೊಲ, ಬದು, ಹುಲ್ಲು ಎಲ್ಲ ಕುಡಿದು ಮಿಕ್ಕ ನೀರು ನಿಧಾನಕ್ಕೆ ಹಳ್ಳಕ್ಕೆ ಇಳಿದು, ನಾಲ್ಕಾರು ದಿನ ಹರಿಯುತ್ತಿತ್ತು. ಈಗ ಕುಡಿಯಲು ನೆಲವೆಲ್ಲಿತ್ತು? ರಸ್ತೆಗೆ ಸಿಮೆಂಟು, ಅಂಗಳಕ್ಕೆ ಟೈಲ್ಸು, ತುಳಸಿ ಕಟ್ಟೆಯ ಸುತ್ತ ಕೂಡ ಟೈಲ್ಸು. ಬಿದ್ದ ನೀರೆಲ್ಲ ಒಂದೇ ಸಲ ಮೋರಿಗೆ ನುಗ್ಗಿತು. ಗಾಡಿ ಆಯಿಲ್ಲು, ಸೋಪಿನ ನೊರೆ, ಕೋಳಿ ಅಂಗಡಿಯ ಪುಕ್ಕ, ಮಕ್ಕಳ ಪ್ಯಾಡು ಸಮೇತ ಬಂದು ದೊಡ್ಡಪ್ಪನ ಕೂಳಿಯನ್ನು ಕಚ್ಚಿನಿಂದ ಕಿತ್ತುಕೊಂಡು ಹೋಯಿತು. ಮೋರಿ ಮುಗಿಯುವ ಕಡೆ ನೆಲ ಕೊಚ್ಚಿಹೋಗಿ ಗುಂಡಿ ಬಿತ್ತು, ಹೊಂಗೆ ಮರದ ಬೇರು ಗಾಳಿಯಲ್ಲಿ ಜೋತಾಡಿತು. ಒಂದು ಗಳಿಗೆಯಲ್ಲಿ ಎಲ್ಲ ಮುಗಿದು ಮೋರಿ ಒಣಗಿ ನಿಂತಿತ್ತು. ಬಡಾವಣೆಯವರು ಮಹಡಿ ಮೇಲೆ ನಿಂತು ವಿಡಿಯೊ ಮಾಡಿಕೊಂಡರು. ಕೆಳಗಿನ ಮನೆಯವರು ಹಳ್ಳದ ನೀರು ಮನೆಗೆ ನುಗ್ಗಿತು ಅಂತ ಬೊಬ್ಬೆ ಹೊಡೆದರು. ಮನೆಯೇ ಹಳ್ಳಕ್ಕೆ ನುಗ್ಗಿದ್ದು ಒಬ್ಬರಿಗೂ ನೆನಪಾಗಲಿಲ್ಲ.

ದೊಡ್ಡಪ್ಪನಿಗೆ ಬುದ್ಧಿ ಬಂತೇ? ಮುಂದಿನ ವರ್ಷ ಹೊಸ ಕೂಳಿ ಹೆಣೆದ, ಮತ್ತೆ ಇಟ್ಟ. ಸಿಕ್ಕಿದ್ದು ಹವಾಯಿ ಚಪ್ಪಲಿ, ನೀರಿನ ಬಾಟಲಿ. ಅದರ ಮುಂದಿನ ವರ್ಷವೂ ಇಟ್ಟ. ಬೀದಿಯವರು, "ಏನ್ ದೊಡ್ಡಪ್ಪ, ಎಷ್ಟು ಸೈಜಿನ ಚಪ್ಲಿ ಬಿತ್ತು?" ಅಂತ ಕೇಳಿ ನಗುತ್ತಿದ್ದರು. ನಾನೂ ನಕ್ಕೆ. ತಾನೇ ಕತ್ತು ಹಿಸುಕಿ ಕೊಂದದ್ದರ ಬಾಗಿಲಲ್ಲಿ ಊಟಕ್ಕೆ ಕಾದು ಕೂತವನನ್ನು ಕಂಡರೆ ನಗದೆ ಇನ್ನೇನು ಮಾಡಬೇಕು.

ಕೊನೆಯ ವರ್ಷ ಅವನು ಹಾಸಿಗೆ ಹಿಡಿದಿದ್ದ. ಮುಂಗಾರು ಹುಯ್ದ ಸಂಜೆ ನನ್ನನ್ನು ಕರೆಸಿ, "ಓಗ್ ನೋಡ್ಕೊಂಡ್ ಬಾ ಮಗ" ಅಂದ. ಏನನ್ನು ಅಂತ ಕೇಳಬೇಕಾಗಿರಲಿಲ್ಲ. ಮೋರಿ ಮುಗಿಯುವ ಜಾಗಕ್ಕೆ ಹೋದೆ. ವರ್ಷವರ್ಷವೂ ಕೊಚ್ಚಿ ಕೊಚ್ಚಿ ಅಲ್ಲೊಂದು ಆಳುದ್ದದ ಗುಂಡಿ ಬಿದ್ದಿತ್ತು. ಗುಂಡಿಯ ಕಪ್ಪು ನೀರಿನಲ್ಲಿ ಏನೋ ಮಿಂಚಿತು. ಮೀನು! ಎಲ್ಲಿ ಉಳಿದಿದ್ದವೋ, ಹೇಗೆ ಬಂದವೋ… ಹೊಟ್ಟೆ ತುಂಬ ಮೊಟ್ಟೆ ಹೊತ್ತುಕೊಂಡು ಮೇಲಕ್ಕೆ ನೆಗೆಯುತ್ತಿದ್ದವು. ಮೋರಿಯ ಕಾಂಕ್ರೀಟ್ ಅಂಚಿಗೆ ಬಡಿದು ಕೆಳಗೆ ಬೀಳುತ್ತಿದ್ದವು. ಮತ್ತೆ ನೆಗೆಯುತ್ತಿದ್ದವು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

"ಬಂದ್ವಾ?" ಅಂದ, ನಾನು ಒಳಗೆ ಕಾಲಿಡುವ ಮೊದಲೇ.

"ಬಂದವೆ ದೊಡ್ಡಪ್ಪ. ಮ್ಯಾಕ್ ಅತ್ತಕ್ಕಾಯ್ತಿಲ್ಲ."

ಅವನು ಗೋಡೆ ಕಡೆ ತಿರುಗಿಕೊಂಡು ಹೇಳಿದ: "ಕೂಳಿಗ್ ಜಾಗ ಕೇಳ್ದೆ. ಮೀನ್ಗೆ ಕೇಳ್ನಿಲ್ವಲ್ಲ ಮಗ…"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಸಲದ ನಾಟಿ ಮುಗಿಯುವುದರೊಳಗೆ ಹೋಗಿಬಿಟ್ಟ. ಅವನ ಮೇಲಿನ ನನ್ನ ಸಿಟ್ಟು ಅವನ ಜೊತೆ ಹೋಗಲಿಲ್ಲ, ಈಗಲೂ ಇದೆ. ಆದರೆ ಹಾರ ಹಾಕಿಸಿಕೊಂಡು ಹೋದವರಲ್ಲಿ, ಕಮಾನು ನಿಲ್ಲಿಸಿದವರಲ್ಲಿ ಒಬ್ಬನಾದರೂ ಹಾಗೆ ಗೋಡೆ ಕಡೆ ತಿರುಗಿ ಮಲಗಿದ್ದನ್ನು ನಾನು ಕಾಣೆ. ಮುಂದಿನ ಮುಂಗಾರಿಗೆ ನಾನೇ ಹೋಗಿ ನೋಡಿದೆ. ಗುಂಡಿಯಲ್ಲಿ ನೊರೆ ಇತ್ತು, ಮೀನಿರಲಿಲ್ಲ. ಆಮೇಲೆ ಯಾವ ವರ್ಷವೂ ಇರಲಿಲ್ಲ.

ಹೋಟೆಲಿನಲ್ಲಿ ಕಾಫಿ ಆರಿತ್ತು. ಮಳೆಗೆ ಎದ್ದ ರೆಕ್ಕೆಹುಳುಗಳು ದೀಪಕ್ಕೆ ಮುತ್ತಿ, ಕೂಳಿಯ ಬಾಯೊಳಗೆ ಇಳಿಯುತ್ತಿದ್ದವು. ಒಳಗೆ ಹೋದದ್ದು ಹೊರಗೆ ಬರದ ಹಾಗೆ ಹೆಣೆದದ್ದಲ್ಲವೇ, ತಳದಲ್ಲಿ ಸತ್ತ ಹುಳುಗಳ ರಾಶಿ ಬಿದ್ದಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡ ಸಪ್ಲೈಯರ್, "ಚೆನ್ನಾಗೈತಲ್ವಾ ಮೇಡಂ?" ಅಂದ. ಬಿಲ್ಲು ತಾರಪ್ಪ ಅಂದೆ. ಹೊರಗೆ, ಹೋಟೆಲಿನ ಸಿಮೆಂಟು ಅಂಗಳದ ಮೇಲೆ ಮೊದಲ ಮಳೆಯ ನೀರು ಒಂದು ಹನಿಯೂ ನೆಲಕ್ಕೆ ಇಳಿಯದೆ ಹರಿದು ಹೋಗುತ್ತಿತ್ತು.