ಆಟಿಕೆ ಕಂಪನಿಯ ಅತಿ ಸಣ್ಣ ಮಾಲೀಕ

ಆಟಿಕೆ ಅಂಗಡಿಯ ಮುಂದೆ ಹಾದುಹೋಗುವಾಗ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ. ಗಾಜಿನಾಚೆ ಜೋಡಿಸಿಟ್ಟ ಡಬ್ಬಿಗಳನ್ನು ನಾನು ಗಿರಾಕಿಯಂತೆ ನೋಡುವುದಿಲ್ಲ, ಬೆಳೆ ನೋಡಲು ಹೊಲಕ್ಕೆ ಬಂದ ಗೌಡರಂತೆ ನೋಡುತ್ತೇನೆ. ಕಾರಣವಿದೆ. ಅವುಗಳನ್ನು ಮಾಡುವ ಒಂದು ಕಂಪನಿಯ ಮಾಲೀಕ ನಾನು. ಎಷ್ಟರ ಮಟ್ಟಿನ ಮಾಲೀಕ ಎಂದು ಮಾತ್ರ ಕೇಳಬೇಡಿ. ಕಂಪನಿಯ ಆಸ್ತಿಯನ್ನೆಲ್ಲ ಪಾಲುದಾರರಿಗೆ ಹಂಚಿದರೆ ನನಗೆ ಯಾವುದೋ ಗೊಂಬೆಯ ಎಡಗಾಲಿನ ಬೂಟು ಬರಬಹುದು. ಆದರೂ ಮಾಲೀಕ ಮಾಲೀಕನೇ.

ಧಾರವಾಡ ಬಿಟ್ಟು ಮರಾಠಿ ಸೀಮೆಗೆ ಬಂದು ಕೋಥರೂಡದಲ್ಲಿ ಮನೆ ಮಾಡಿ, ಕುರಕುಂಭದ ಕೆಮಿಕಲ್ ಕಾರ್ಖಾನೆಗೆ ಬಸ್ಸಿನಲ್ಲಿ ತೂಕಡಿಸುತ್ತ ಓಡಾಡುತ್ತಿದ್ದ ಕಾಲವದು. ಮಗಳು ಕೇತಕಿ ಇನ್ನೂ ಚಿಕ್ಕವಳು. ಅವಳ ಕೈಗೆ ಸಿಕ್ಕ ಆಟಿಕೆ ಸಂಜೆಯವರೆಗೆ ಬಾಳಿದರೆ ಅದರ ಪುಣ್ಯ. ಒಂದು ಕಂಪನಿಯ ಆಟಿಕೆಗಳು ಮಾತ್ರ ಅವಳಿಗೂ ಜಗ್ಗಲಿಲ್ಲ. ಇವಳಿಗೇ ಜಗ್ಗದ ಕಂಪನಿ ಇನ್ನಾರಿಗೆ ಜಗ್ಗೀತು ಎಂದು ಆ ವರ್ಷದ ದೀಪಾವಳಿ ಬೋನಸ್ಸಿನಲ್ಲಿ ಅದರ ಷೇರು ಕೊಂಡೆ. ಪಂಡಿತರು ಲಾಭ-ನಷ್ಟದ ಲೆಕ್ಕ ಓದಿ ಷೇರು ಕೊಳ್ಳುತ್ತಾರಂತೆ. ನಾನು ಮಗಳ ಹಲ್ಲಿನ ಗುರುತು ನೋಡಿ ಕೊಂಡವನು.

ಅಂದಿನಿಂದ ನಮ್ಮ ಮನೆಯಲ್ಲೊಂದು ಪದ್ಧತಿ ಬಂತು. ನಮ್ಮ ಫ್ಲಾಟುಗಳ ಸೊಸೈಟಿಯಲ್ಲಿ ಯಾವ ಮಗುವಿನ ಹುಟ್ಟುಹಬ್ಬವಾಗಲಿ, ನಮ್ಮ ಕಾಣಿಕೆ 'ನಮ್ಮ ಕಂಪನಿ'ಯದೇ. ಹೆಂಡತಿ ಸುಧಾ ನಗುತ್ತಾಳೆ: "ನಮ್ಮ ರೊಕ್ಕಾ ನಾವ ಕೊಟ್ಟು, ಅದರಾಗಿಂದ ನಾಕಾಣೆ ತಿರುಗಿ ಬಂದ್ರ ಅದಕ್ಕ ಲಾಭ ಅಂತೀರಲ್ರೀ!" ಸಿಂಧೂ ಬಯಲಿನಲ್ಲಿ ನೆಲ ಅಗೆದಾಗ ಮಣ್ಣಿನ ಪುಟ್ಟ ಬಂಡಿಗಳು ಸಿಕ್ಕವು ಎಂದು ಓದಿದ್ದೇನೆ. ಅಷ್ಟು ಹಳೆಯ, ಅಷ್ಟು ನಿಶ್ಚಿತವಾದ ವ್ಯಾಪಾರ ಇನ್ನೊಂದಿದೆಯೇ ಎಂದು ನಾನು ಅವಳಿಗೆ ವಾದಿಸುತ್ತೇನೆ. ಆ ಬಂಡಿಯ ಕುಂಬಾರ ಷೇರು ಮಾರಿರಲಿಲ್ಲವೆಂಬುದು ಬೇರೆ ಮಾತು.

ಸುಧಾ ಬಾಲವಾಡಿಯಲ್ಲಿ ಕಲಿಸಿ ನಿವೃತ್ತಳಾದವಳು. ನಮ್ಮ ಸೊಸೈಟಿಯ ನೆಲಮಹಡಿಯಲ್ಲಿ ಒಂದು ಕೋಣೆ ಖಾಲಿ ಬಿದ್ದಿತ್ತು. ಅಲ್ಲಿ ಮಕ್ಕಳಿಗೊಂದು ಆಟದ ಕೋಣೆ ಮಾಡಬೇಕೆಂಬುದು ಅವಳ ಆಸೆ. ಮೇಲಿನ ಫ್ಲಾಟಿನ ಮಕ್ಕಳು, ಕೆಲಸಕ್ಕೆ ಬರುವವರ ಮಕ್ಕಳು, ಯಾರು ಬೇಕಾದರೂ ಬರಬಹುದು. ನಮ್ಮಲ್ಲಿ ಅಂಗಳವೆಲ್ಲ ಕಾರುಗಳ ಪಾಲಾಗಿದೆ; ದೀಪಾವಳಿಗೆ ಇಲ್ಲಿ ರೂಢಿಯಿರುವ ಮಣ್ಣಿನ ಪುಟ್ಟ ಕೋಟೆ, ಕಿಲ್ಲೆ, ಕಟ್ಟಲೂ ಮಕ್ಕಳು ಎರಡು ಸ್ಕೂಟರಿನ ನಡುವೆ ಜಾಗ ಹುಡುಕುತ್ತವೆ. ಸೆಕ್ರೆಟರಿಯವರು ಒಪ್ಪಿದರು. ಆದರೆ ದುರಸ್ತಿಯ ಖರ್ಚು ನಮ್ಮದು, ಹಬ್ಬದೊಳಗೆ ಕೆಲಸ ಶುರುವಾಗಬೇಕು. ಇಲ್ಲದಿದ್ದರೆ ಆನ್‌ಲೈನ್ ಪಾರ್ಸೆಲ್ಲುಗಳನ್ನು ಇಡಲು ಆ ಕೋಣೆ ಹೋಗುತ್ತದೆ. ಷೇರು ಮಾರೋಣ ಎಂದೆ ನಾನು, ಕರ್ಣನ ಠೀವಿಯಲ್ಲಿ.

ಮಾರಲೆಂದು ಒಂದು ಬೆಳಿಗ್ಗೆ ಮೊಬೈಲು ತೆರೆದೆ. ಷೇರಿನ ಬೆಲೆ ರಾತ್ರೋರಾತ್ರಿ ಐದರಲ್ಲೊಂದು ಪಾಲಿಗೆ ಇಳಿದಿತ್ತು. ಅಡುಗೆಮನೆಯಲ್ಲಿ ಸುಧಾ ಫೋನಿನಲ್ಲಿ ಪೇಂಟರನೊಡನೆ ಹಳದಿಯೋ ತಿಳಿನೀಲಿಯೋ ಎಂದು ಚರ್ಚೆ ನಡೆಸಿದ್ದಳು. ಅವಳಿಗೆ ಹೇಳದೆಯೇ ಚೀಲ ಹಿಡಿದು ಹೊರಬಿದ್ದೆ. ನಮ್ಮ ಕಂಪನಿ ಮುಳುಗುತ್ತಿರುವಾಗ ಮಾಲೀಕನಾದವನು ಕೈಕಟ್ಟಿ ಕೂರಬಹುದೇ? ನೇರ ಆಟಿಕೆ ಅಂಗಡಿಗೆ ಹೋಗಿ ಗೊಂಬೆ, ಲಾರಿ, ಚೆಂಡು, ಪುಟಾಣಿ ಪಾತ್ರೆಗಳು, ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಂಡೆ. ಅಂಗಡಿಯವನು ಬಿಲ್ಲು ಮಾಡುತ್ತ, "ಕಾಕಾ, ನಾತವಂಡ ಕಿತಿ?" ಎಂದು ಮೊಮ್ಮಕ್ಕಳ ಸಂಖ್ಯೆ ವಿಚಾರಿಸಿದ. ಕೇತಕಿಗೆ ಇನ್ನೂ ಮದುವೆಯೇ ಆಗಿಲ್ಲ. ಸುಮ್ಮನೆ ನಕ್ಕು ರಿಕ್ಷಾ ಹತ್ತಿದೆ.

ಸುಧಾ ಬಾಗಿಲು ತೆರೆದವಳೇ, "ಇದೇನ್ರೀ, ಇಷ್ಟ್ಯಾಕ ತಂದ್ರಿ?" ಎಂದಳು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಎಲ್ಲ ಹೇಳಿದೆ. ಅವಳ ಮುಖ ಬಾಡಿದ್ದು ನೋಡಲಾಗಲಿಲ್ಲ. ಆದರೆ ಬಾಲವಾಡಿ ನಡೆಸಿದವಳು. ಅಳುವುದಕ್ಕೆ ಮೊದಲು ಎಲ್ಲಿ ನೋವಾಗಿದೆ ಎಂದು ನೋಡುವುದು ಅವಳ ಅಭ್ಯಾಸ. ಕೆಳಗಿನ ಮನೆಯ ಪಾಟೀಲರನ್ನು ಕರೆಸಿದಳು. ಬೆಳಗಾವಿ ಕಡೆಯವರು, ಲೆಕ್ಕಪರಿಶೋಧಕರು. ಮೊಬೈಲು ನೋಡಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕಂಪನಿ ಎಲ್ಲೂ ಬಿದ್ದಿಲ್ರೀ ಸರ. ಒಂದೊಂದು ಷೇರನ್ನ ಐದ ಮಾಡ್ಯಾರ. ಬೆಲೀನೂ ಐದರಾಗ ಒಂದ ಆಗೇದ. ಉಳಿದ ನಾಕು ನಿಮ್ಮ ಖಾತೇದಾಗ ಇವತ್ತ ಇಲ್ಲಾ ನಾಳೆ ಬರ್ತಾವ."

"ಹಂಗಾರ ಲಾಭ ಆತಲ್ರೀ!" ಎಂದೆ, ಮುಳುಗಿದವನು ಒಮ್ಮೆಲೇ ಗಗನಕ್ಕೇರಿ.

"ಒಂದ ರೊಟ್ಟಿ ಐದ ತುಣುಕ ಮಾಡಿದ್ರ ಹೊಟ್ಟಿ ಐದಪಟ್ಟ ತುಂಬ್ತದೇನ್ರಿ?"

ಹಿಂದೆಯೂ ಒಮ್ಮೆ ಒಂದು ಷೇರು ಎರಡಾಗಿತ್ತಂತೆ. ಆಗ ನಾನು ಬೆಲೆ ನೋಡುತ್ತಲೇ ಇರಲಿಲ್ಲವಾದ್ದರಿಂದ ಹೆದರುವ ಯೋಗ ಬಂದಿರಲಿಲ್ಲ. ಅಂದರೆ ನಾನು ಕೊಂಡ ಒಂದು ಈಗ ಹತ್ತಾಗಿದೆ. ಅಷ್ಟೇ ಆಗಿದ್ದರೆ ಬರೀ ತುಣುಕಿನ ಮಾತಾಗುತ್ತಿತ್ತು. ಆದರೆ ಇಷ್ಟು ವರ್ಷಗಳಲ್ಲಿ ರೊಟ್ಟಿಯೂ ದೊಡ್ಡದಾಗಿತ್ತು. ಹತ್ತು ತುಣುಕಿನಲ್ಲಿ ಒಂದೊಂದೂ ನಾನು ಅಂದು ಕೊಂಡ ಇಡೀ ರೊಟ್ಟಿಗಿಂತ ಹೆಚ್ಚು ಬಾಳುತ್ತಿತ್ತು. ಇದರಲ್ಲಿ ನನ್ನ ಜಾಣತನ ಎಳ್ಳಷ್ಟೂ ಇಲ್ಲ. ನಾನು ಮಾಡಿದ ಏಕೈಕ ಕೆಲಸವೆಂದರೆ ಮರೆತದ್ದು.

ಆದರೆ ಮನುಷ್ಯ ನೋಡಿ, ಲೆಕ್ಕ ತಿಳಿದೊಡನೆ ನನಗೆ ಮಾರುವ ಮನಸ್ಸೇ ಹೋಯಿತು. ದೀರ್ಘಾವಧಿಯ ಮಹಿಮೆಯನ್ನು ಸುಧಾಳಿಗೆ ಸಾಯಂಕಾಲದ ಚಹಾದೊಡನೆ ಬೋಧಿಸಿದೆ. ಇನ್ನೂ ಹತ್ತು ವರ್ಷ ಬಿಟ್ಟರೆ ಎಷ್ಟಾದೀತು, ಇಪ್ಪತ್ತು ವರ್ಷ ಬಿಟ್ಟರೆ ಎಷ್ಟಾದೀತು! ಅವಳು ಗಾಜಿನ ಕಪಾಟಿನತ್ತ ಕೈ ತೋರಿದಳು. ಅಲ್ಲಿ ಅವಳ ಸೋದರಮಾವ ಕೇತಕಿಗೆ ಕೊಟ್ಟ ಗೋಕಾಕದ ಕಟ್ಟಿಗೆಯ ಬಣ್ಣದ ಹಣ್ಣುಗಳಿವೆ. ಬಣ್ಣ ಹೋದೀತೆಂದು ನಾವು ಮಗುವಿಗೆ ಒಮ್ಮೆಯೂ ಮುಟ್ಟಗೊಡಲಿಲ್ಲ.

"ನೋಡ್ರಿ, ಇವು ಇನ್ನೂ ಹೊಸಾವೇ ಅವ," ಎಂದಳು ಸುಧಾ. "ಆಡೋ ಹುಡುಗಿ ದೊಡ್ಡಾಕಿ ಆಗಿಹೋದ್ಲು."

ಅವಳು ಸಿಟ್ಟಿನಿಂದ ಹೇಳಿದ್ದರೆ ನಾನು ವಾದಿಸುತ್ತಿದ್ದೆ. ಮೆಲ್ಲಗೆ ಹೇಳಿದಳು. ಮರುದಿನ ಪಾಟೀಲರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಖಾತೆಗೆ ಬಂದ ಹೊಸ ಷೇರುಗಳನ್ನೂ ಸೇರಿಸಿ ಮಾರಿದೆ. ಮಾಲೀಕನೆಂಬ ಹೆಸರು ಉಳಿಯಲೆಂದು ಒಂದು ಹಿಡಿ ಮಾತ್ರ ಇಟ್ಟುಕೊಂಡೆ. ಕೋಣೆಯ ಗೋಡೆ ಹಳದಿಯಾಯಿತು. ನಾನು ಕಂಪನಿಯನ್ನು ಉಳಿಸಲು ತಂದ ಸಾಮಾನೆಲ್ಲ ಅಲ್ಲಿ ಹರಡಿಕೊಂಡಿತು.

ಷೇರಿನ ಬೆಲೆ ಆಮೇಲೆ ಇನ್ನೂ ಏರಿತು; ಏರದೆ ಬಿಡುತ್ತದೆಯೇ? ನಾನು ಮಾರುವುದನ್ನೇ ಕಾಯುತ್ತಿತ್ತೆಂದು ಕಾಣುತ್ತದೆ. ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳಾಗುತ್ತದೆ. ಮೊನ್ನೆ ಮಧ್ಯಾಹ್ನ ಆಟದ ಕೋಣೆಯ ಮೂಲೆಯಲ್ಲಿ ಕುಳಿತು, ಮಾರದಿದ್ದರೆ ಎಷ್ಟಾಗುತ್ತಿತ್ತು ಎಂದು ಮೊಬೈಲಿನಲ್ಲಿ ಗುಣಿಸುತ್ತಿದ್ದೆ. ವಾಚ್‌ಮನ್ನರ ಮಗಳು ಪರಿ, ಇನ್ನೂ ಶಾಲೆಗೆ ಸೇರದವಳು, ಬೆರಳುದ್ದದ ಕಪ್ಪೊಂದನ್ನು ನನ್ನ ಮೂಗಿನ ಕೆಳಗೆ ಹಿಡಿದಳು. "ಆಜೋಬಾ, ಚಹಾ!" ಆಜೋಬಾ ಎಂದರೆ ನಾನೇ, ಅಜ್ಜ. ಮೊಬೈಲು ಕೆಳಗಿಟ್ಟು ಖಾಲಿ ಕಪ್ಪನ್ನು ಸುರ್ರೆಂದು ಹೀರಿದೆ. ಅವಳು ಹತ್ತು ರೂಪಾಯಿಗೆ ಅಂಗೈ ಚಾಚಿದಳು: "ದಹಾ ರುಪಯೇ." ನಾನು ಗಾಳಿಯಿಂದಲೇ ನೋಟೊಂದನ್ನು ತೆಗೆದು ಕೊಟ್ಟೆ. ಅವಳದನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ನೂರರ ನೋಟೆಂದು ಗೊಣಗಿ, ಚಿಲ್ಲರೆಯನ್ನು ಒಂದೊಂದಾಗಿ ನನ್ನ ಅಂಗೈಗೆ ಎಣಿಸಿದಳು. ಅಷ್ಟನ್ನೂ ಮುಷ್ಟಿಯಲ್ಲಿ ಹಿಡಿದು, ಒಂದೂ ಬೀಳದಂತೆ ಜೇಬಿಗೆ ಹಾಕಿಕೊಂಡೆ.