ಸರ್ಕಾರದ ಆಣಿ, ನಮ್ಮ ಮನೆಯ ಆಕಡಾ

ನಮ್ಮ ಮನೆಯಲ್ಲಿ ಆಣಿ ಮಾಡುವುದು ಕಳವಾದಾಗ ಮಾತ್ರ. ಕೋಳಿ ಕಾಣದಿದ್ದರೆ, ಹಗ್ಗ ಕಾಣದಿದ್ದರೆ, ಬದುವಿನ ಕಲ್ಲು ತಾನಾಗಿ ನಡೆದು ಪಕ್ಕದ ಹೊಲಕ್ಕೆ ಹೋಗಿದ್ದರೆ, ಅನುಮಾನ ಇರುವವನನ್ನು ಗುಡಿ ಮುಂದೆ ನಿಲ್ಲಿಸಿ ಅಂಗೈಯಲ್ಲಿ ಭಂಡಾರ ಹಾಕುತ್ತಾರೆ. ಆ ಅರಿಷಿಣದ ಪುಡಿ ಹಿಡಿದುಕೊಂಡು ಅವನು "ನಾ ತಗೊಂಡಿಲ್ಲ" ಅನ್ನಬೇಕು. ಸುಳ್ಳಾಡಿದರೆ ಆಣಿ ತಾಗುತ್ತದೆ. ತಾಗಿದರೆ ಮೊದಲು ಎಮ್ಮೆ ಬತ್ತುತ್ತದೆ, ಆಮೇಲೆ ಮನುಷ್ಯ.

ಹೀಗಾಗಿ ಕಾಕಾ ಒಂದು ಮಧ್ಯಾಹ್ನ ಅಂಗಳಕ್ಕೆ ಬಂದು, "ಚಿಕ್ಕೋಡಿಗಿ ಕರದಾರ. ಇಕಿ ಪ್ರಾಂತ ಸಾಹೇಬ್ರ ಮುಂದ ಪ್ರಮಾಣ ಮಾಡಬೇಕಂತ" ಎಂದಾಗ, ಜೋಳ ಹಸನು ಮಾಡುತ್ತ ಕೂತಿದ್ದ ಆಯಿ ಮೊರ ಕೆಳಗಿಟ್ಟು ಒಂದೇ ಮಾತು ಕೇಳಿದಳು.

"ಏನ್ ಕಳವಾಗೇತಿ?"

ಆಯಿ ಅಂದರೆ ನನ್ನ ಅಪ್ಪನ ಅವ್ವ. ಇಕಿ ಅಂದರೆ ಕಾಕು, ಕಾಕಾನ ಹೆಂಡತಿ. ಪ್ರಾಂತ ಸಾಹೇಬ್ರು ಅಂದರೆ ಅಸಿಸ್ಟಂಟ್ ಕಮಿಷನರ್. ಕಾಕಾ, ಅಂದರೆ ಅಪ್ಪನ ತಮ್ಮ, ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುವ ಪ್ಯಾನ್‌ಮನ್. ನಮ್ಮೂರು ಶಿರಗುಪ್ಪಿಯ ಕಬ್ಬು ಸಾಲದೆ ಕೀನ್ಯಾದ ಕಬ್ಬು ಕುದಿಸಲು ಹೋಗಿ, ಅಲ್ಲಿಯೇ ಹುಟ್ಟಿ ಬೆಳೆದ ಗುಜರಾತಿ ಹುಡುಗಿಯನ್ನು ಮದುವೆಯಾಗಿ, ಹೆಣ್ಣು ಕೂಸನ್ನು ಎತ್ತಿಕೊಂಡು ಊರಿಗೆ ಮರಳಿದ್ದ. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಕೊನೆಯ ಮಾತು. ಅಷ್ಟು ಹೊತ್ತಿಗೆ ಆ ಕೂಸು ಅವ್ವನಷ್ಟೇ ಎತ್ತರವಾಗಿತ್ತು, ಕಾಕು ಗುಜರಾತಿಯಿಂದ ಹೊರಟು ಮರಾಠಿ ದಾಟಿ ಕನ್ನಡಕ್ಕೆ ಬಂದು ಮುಟ್ಟಿದ್ದಳು. ಎಮ್ಮೆಯ ಜೊತೆ ಮಾತ್ರ ಸ್ವಾಹಿಲಿ. "ಪೋಲೆ ಪೋಲೆ" ಎಂದರೆ ನಮ್ಮ ಎಮ್ಮೆ ಸಾವಕಾಶ ನಡೆಯುತ್ತಿತ್ತು. ನಾನು ಅದೇ ದನಿಯಲ್ಲಿ ಅಂದರೆ ಒದೆಯುತ್ತಿತ್ತು.

ಕಾಕುವಿಗೆ ಒಂದೇ ಬೇನೆ. ಪ್ರತಿ ವರ್ಷ ಬೆಳಗಾವಿಗೆ ಹೋಗಿ ಪೊಲೀಸ್ ಕಚೇರಿಯಲ್ಲಿ, ನಾನು ಪರದೇಶದವಳು, ಇನ್ನೊಂದು ವರ್ಷ ಇರಲು ಪರವಾನಗಿ ಕೊಡಿರಿ ಎಂದು ಸಹಿ ಮಾಡಬೇಕಿತ್ತು. ಅಲ್ಲಿದ್ದ ಒಬ್ಬ ಹವಾಲ್ದಾರ ಒಳ್ಳೆಯ ಮನುಷ್ಯ. ಪ್ರತಿ ಸಲ ಮರ್ಯಾದೆಯಿಂದಲೇ ಕೇಳುತ್ತಿದ್ದ: "ಏನ್ರಿ ಬಾಯಾರ, ಯಾವಾಗ ಹೊಂಟೀರಿ ನಿಮ್ಮೂರಿಗಿ?" ಆ ದಿನ ಕಾಕು ಮನೆಗೆ ಬಂದು ತೊಳೆದ ಭಾಂಡಿಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಆ ಮಾತನ್ನು ಇನ್ನು ಯಾರೂ ಕೇಳಬಾರದು ಎಂದೇ ಅವಳು ಈ ದೇಶದವಳಾಗಲು ಅರ್ಜಿ ಹಾಕಿದ್ದು. ಆದರೆ ಈ ದೇಶದವಳಾದರೆ ಆ ದೇಶದ ಪಾಸ್‌ಪೋರ್ಟ್ ತಿರುಗಿ ಕೊಡಬೇಕು. ಅವಳ ಅವ್ವ ಇನ್ನೂ ಅಲ್ಲಿಯೇ ಇದ್ದಳು. ಕಾಕು ಬಹಳ ದಿನ ವಿಚಾರ ಮಾಡಿ, ಕಡೆಗೆ ರೊಟ್ಟಿ ಬಡಿಯುತ್ತಲೇ "ಹಾಕ್ರಿ ಅರ್ಜಿ" ಅಂದಿದ್ದಳು. ಚಿಕ್ಕೋಡಿಗೆ ಕರೆದದ್ದು ಆ ಅರ್ಜಿಗಾಗಿಯೇ.

ಆಗ ನಾನು ಅಥಣಿಯಲ್ಲಿ ಬಿ.ಎ. ಓದುತ್ತಿದ್ದೇನೆ ಎಂದು ಮನೆಯವರು ನಂಬಿದ್ದರು. ನಾನು ಅಲ್ಲಿ ಕಲಿತದ್ದು ಪ್ರಿನ್ಸಿಪಾಲರ ಕೆಮ್ಮು, ಬಸ್ ಕಂಡಕ್ಟರನ ಸೀಟಿ ಮತ್ತು ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳ ಬೈಗುಳ. ಹೀಗಾಗಿ ಪ್ರಮಾಣದ ತಾಲೀಮು ಮಾಡಿಸಲು ಸಾಹೇಬನ ಪಾತ್ರಕ್ಕೆ ಬೇರೆ ಯಾರನ್ನೂ ಹುಡುಕಬೇಕಾಗಲಿಲ್ಲ. ಅಜ್ಜನ ಕರಿ ಕೋಟು ಹಾಕಿಕೊಂಡು, ಬೋರಲು ಹಾಕಿದ ದ್ರಾಕ್ಷಿ ಪೆಟ್ಟಿಗೆಯ ಮೇಲೆ ಕೂತು, ಗಂಟಲನ್ನು ಹೊಟ್ಟೆಯತನಕ ಇಳಿಸಿ ಒಂದೊಂದೇ ಸಾಲು ಹೇಳಿದೆ. ಕಾಕು ಎದುರಿಗೆ ನಿಂತು ಹೇಳಿದಳು. ಸಂವಿಧಾನಕ್ಕೆ ನಿಷ್ಠೆ ಆಯಿತು. ಭಾರತದ ಕಾಯ್ದೆಗಳನ್ನು ಪಾಲಿಸುತ್ತೇನೆ ಎಂಬ ಸಾಲು ಬಂತು.

"ತಡಿ" ಅಂದಳು ಆಯಿ. "ಯಾವ ಕಾಯ್ದೆ?"

"ಎಲ್ಲಾ ಕಾಯ್ದೆ" ಅಂದೆ, ಸಾಹೇಬನ ದನಿಯಲ್ಲಿಯೇ.

ಆಯಿ ತಲೆ ಎತ್ತಿ ತೊಲೆಗೆ ಜೋತುಬಿದ್ದ ಬಲ್ಬು ನೋಡಿದಳು. ನಾವೆಲ್ಲರೂ ನೋಡಿದೆವು. ಆ ಬಲ್ಬಿಗೆ ಕರೆಂಟು ಬರುತ್ತಿದ್ದದ್ದು ಆಕಡಾದಿಂದ. ಅಂದರೆ, ಬಗ್ಗಿಸಿದ ತಂತಿಯನ್ನು ಬಿದಿರಿನ ಗಳದ ತುದಿಗೆ ಕಟ್ಟಿ, ಬೀದಿಯ ಲೈನಿಗೆ ಸಿಕ್ಕಿಸುವುದು. ಬಲ್ಬು ಅದರಿಂದಲೇ, ದ್ರಾಕ್ಷಿಗೆ ನೀರೆತ್ತುವ ಮೋಟಾರೂ ಅದರಿಂದಲೇ. ನಮ್ಮ ಓಣಿಯಲ್ಲಿ ಅದನ್ನು ಕಳವು ಅನ್ನುತ್ತಿರಲಿಲ್ಲ. ಸಂಜೆಗೆ ದೀಪ ಹಚ್ಚುವುದು ಅನ್ನುತ್ತಿದ್ದರು.

"ಆಣಿ ಮಾಡಾಕಿ ಇಕಿ, ಆಕಡಾ ಹಾಕಾಂವ ನೀ" ಅಂದಳು ಆಯಿ ಮಗನಿಗೆ. "ತಾಗೂದು ಯಾರಿಗಿ?"

"ಯವ್ವಾ, ಇದು ಸರ್ಕಾರದ ಆಣಿ. ತಾಗೂದಿಲ್ಲ ಇದು."

"ತಾಗದಿದ್ರ ಯಾಕ ಮಾಡಸ್ತಾರ?"

ನಾನು ಕೋಟಿನ ಗುಂಡಿ ಹಾಕಿಕೊಂಡು, "ಮುದುಕಿ ಹೇಳೂದ್ರಾಗ ಅರ್ಥ ಐತಿ. ನೋಂದು ಮಾಡಿಕೊಳ್ರಿ" ಅಂದೆ. ಮೊರ ನನ್ನ ಕಡೆಗೆ ಬಂತು.

ಅವತ್ತೇ ಆಕಡಾ ಇಳಿಯಿತು. ಕಾಕಾ ಗಳವನ್ನು ದನದ ಕೊಟ್ಟಿಗೆಯಲ್ಲಿ ಸತ್ತ ಹಾವು ಇಟ್ಟಂತೆ ಇಟ್ಟು ಬಂದ. ಮೋಟಾರು ಮೂಕಾಯಿತು. ದ್ರಾಕ್ಷಿಗೆ ನೀರು ಬಿಡಲು ಬೀಗರ ಡೀಸೆಲ್ ಎಂಜಿನ್ ಬೇಡಿ ತಂದೆವು. ಅದು ಕೆಮ್ಮುವುದು ನಮ್ಮ ಪ್ರಿನ್ಸಿಪಾಲರಿಗಿಂತ ಚೆನ್ನಾಗಿತ್ತು. ಕಾಕಾ ಮಾತ್ರ ಧೈರ್ಯಗೆಡಲಿಲ್ಲ. "ಪ್ರಮಾಣ ಮಾಡಿ ಬರ್ಲಿ. ಆಮ್ಯಾಲ ಅವ್ವ ಆಣಿ ಇಳಸ್ತಾಳ. ಎರಡು ದಿನದ ಮಾತು" ಎಂದು ನನ್ನ ಕಿವಿಯಲ್ಲಿ ಹೇಳಿದ. ಆಣಿ ಇಳಿಸುವುದೂ ನಮ್ಮ ಮನೆಯ ಪದ್ಧತಿಯೇ. ಜಗಳ ತೀರಿದ ಮೇಲೆ ಹಿರಿಯರು ಆಣಿ ಮಾಡಿದವನ ಕೈಗೆ ನೀರು ಹೊಯ್ದು ಬೆಲ್ಲ ಕೊಡುತ್ತಾರೆ. ಅಲ್ಲಿಗೆ ಆಣಿ ಮೈಯಿಂದ ಹೋಯಿತು, ಹಾಕಿರಲೇ ಇಲ್ಲ ಎಂದು ಲೆಕ್ಕ. ಕಾಕಾನ ಕಿವಿಮಾತು ಅಂಗಳದ ಆಚೆಗೂ ಕೇಳುವಂಥದ್ದು. ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಕಾಕು ಕೇಳಿಸಿಕೊಂಡಳು.

ಚಿಕ್ಕೋಡಿ ಬಸ್ಸಿನಲ್ಲಿ ಕಾಕಾ ಎಂದಿನಂತೆ ಮಗಳಿಗೆ ಅರ್ಧ ಟಿಕೀಟು ಕೇಳಿದ. ಕಾಕು ಅವನ ಮೊಣಕೈ ತಿವಿದಳು.

"ಪೂರಾ ಕೊಡ್ರಿ" ಅಂದ ಕಾಕಾ, ಹಲ್ಲು ನೋವಿದ್ದವನಂತೆ.

ಕಂಡಕ್ಟರ್ ಹುಡುಗಿಯನ್ನು ನೋಡಿದ, ಕಾಕಾನನ್ನು ನೋಡಿದ. "ಹ್ವಾದ ವಾರ ಅರ್ಧಾ ಇದ್ಲಲ್ರಿ?"

"ವಾರದಾಗ ಬೆಳದಾಳ್ರಿ" ಅಂದೆ ನಾನು. "ಡೀಸೆಲ್ ನೀರ ಕುಡದು."

ಪ್ರಾಂತ ಕಚೇರಿಯಲ್ಲಿ ನನಗೇ ಅವಮಾನ ಕಾದಿತ್ತು. ಸಾಹೇಬರು ತೆಳ್ಳಗಿದ್ದರು. ಅವರ ದನಿ ಇನ್ನೂ ತೆಳ್ಳಗಿತ್ತು. ಹೊಟ್ಟೆಯ ತಳದಿಂದ ಬರಬೇಕಾದದ್ದು ಮೂಗಿನ ತುದಿಯಿಂದ ಬಂತು. ಅವರು ಮೊದಲ ಸಾಲು ಹೇಳಿ ಕಾದರು. ಕಾಕು, ಸಾಹೇಬರು ಇನ್ನೂ ಬರಬೇಕಾಗಿದೆ ಎಂಬಂತೆ ಸುಮ್ಮನೆ ನಿಂತಳು. ನನ್ನ ಮುಖ ನೋಡಿದಳು. ಇವರೇ ಎಂದು ನಾನು ಕಣ್ಣಲ್ಲಿ ತೋರಿಸಬೇಕಾಯಿತು. ನನ್ನ ಸಾಹೇಬ ಅವರಿಗಿಂತ ಎಷ್ಟೋ ಹೆಚ್ಚಿನ ಸಾಹೇಬನಾಗಿದ್ದ, ಆದರೆ ಅವನಿಗೆ ಸಹಿ ಮಾಡುವ ಅಧಿಕಾರ ಇರಲಿಲ್ಲ.

ಆಮೇಲೆ ಸರಾಗವಾಗಿ ಹೇಳಿದಳು. ಕಾಯ್ದೆಯ ಸಾಲಿಗೆ ಬಂದು ನಿಂತಳು.

"ಎಲ್ಲಾ ಕಾಯ್ದೆ ಏನ್ರಿ ಸಾಹೇಬ್ರ?"

ಸಾಹೇಬರು ಕಣ್ಣಿನ ಚಾಳೀಸು ತೆಗೆದರು. "ಎಲ್ಲಾನೂ."

"ಎಷ್ಟು ದಿನಾರಿ?"

ಕಾಕಾ ಕೆಮ್ಮಿದ. ಇಂಥ ಪ್ರಶ್ನೆಯನ್ನು ಸಾಹೇಬರಿಗೆ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಬಾಗಿಲ ಬಳಿ ನಿಂತಿದ್ದ ಸಿಪಾಯಿಯನ್ನು ಒಮ್ಮೆ ನೋಡಿ, "ಜೀವ ಇರೂತನಕ ಅಂತ ಅದರ ಅರ್ಥ, ತಾಯಿ" ಅಂದರು.

ಕಾಕು ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು. ಆ ಸಾಲನ್ನು ಹೊರಗೆ ಬೇವಿನ ಗಿಡದ ಕೆಳಗೆ ಕೂತವರಿಗೂ ಕೇಳುವಂತೆ ಹೇಳಿದಳು. ಕಾಕಾ ಫ್ಯಾನು ನೋಡುತ್ತಿದ್ದ. ಫ್ಯಾನು ಕಾಯ್ದೆಶೀರ ತಿರುಗುತ್ತಿತ್ತು.

ಮುಂದಿನದನ್ನು ಸಾಹೇಬರೇ ತಿಳಿಸಿ ಹೇಳಿದರು. ಕಾಗದ ಬೆಳಗಾವಿಗೆ ಹೋಗುತ್ತದೆ, ಅಲ್ಲಿಂದ ಮೇಲಕ್ಕೆ ಹೋಗುತ್ತದೆ, ಪ್ರಮಾಣಪತ್ರ ಬರುತ್ತದೆ. ಬಂದ ಮೇಲೆ ಹಳೇ ಪಾಸ್‌ಪೋರ್ಟ್ ತಿರುಗಿ ಕಳಿಸಬೇಕು, ಮತದಾರರ ಯಾದಿಯಲ್ಲಿ ಹೆಸರು ಹಚ್ಚಿಸಬೇಕು. ಕಾಕು ಎಲ್ಲದಕ್ಕೂ "ಹೂಂನ್ರಿ" ಅಂದಳು.

ಮನೆಗೆ ಬಂದಾಗ ಆಯಿ ತಂಬಿಗೆ ನೀರು, ಬೆಲ್ಲದ ಉಂಡೆ ಹಿಡಿದು ಹೊಸ್ತಿಲಲ್ಲಿ ಕೂತಿದ್ದಳು. ಕಾಕಾನ ಕೆಲಸವೇ ಅದು, ಮುಂಜಾನೆ ಹೊರಡುವಾಗ ಹೇಳಿ ಹೋಗಿದ್ದ.

"ಬಲಗೈ ಹಿಡಿಯವ್ವಾ ಮುಂದ."

ಕಾಕು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. "ಬ್ಯಾಡ್ರಿ ಅತ್ತಿ. ಇರ್ಲಿ ಮೈಮ್ಯಾಲ."

"ಆಣಿ ಮೈಮ್ಯಾಲ ಇಟ್ಕೊಂಡು ಮನಿಯೊಳಗ ಬರ್ತಾರೇನಬೇ?"

"ಇಳಿಸಿದ್ರ ಮಾಡಿಲ್ಲ ಅಂತ ಲೆಕ್ಕ ಅಲ್ರಿ? ಮತ್ತ ಬೆಳಗಾವಿಗಿ ಹೋಗಬೇಕು. ಮತ್ತ ಆಂವ ಕೇಳ್ತಾನ, ಯಾವಾಗ ಹೊಂಟೀರಿ ಅಂತ."

ಕಾಕಾ ನಡುವೆ ಬಂದ. "ಕತ್ತಲಾಗ ಕುಂದ್ರೂದೇನು ಜಲಮಪೂರ್ತಿ? ಊರಾಗ ಯಾರ ಹಾಕಿಲ್ಲ ಆಕಡಾ ಹೇಳು. ಅವ್ರೇನ್ ಈ ದೇಶದವ್ರಲ್ಲೇನು?"

"ಅವ್ರು ಹುಟ್ಟಿದ್ದಕ್ಕ ಆಗ್ಯಾರ್ರಿ. ನಾ ಹೇಳಿ ಆಗೇನಿ."

ನಾನು ಇದಕ್ಕೂ ಒಂದು ದನಿ ಹಚ್ಚೋಣ ಎಂದು ಬಾಯಿ ತೆರೆದೆ. ಯಾವುದೂ ಹೊಂದಲಿಲ್ಲ, ಮುಚ್ಚಿದೆ. ಆಯಿ ತಂಬಿಗೆಯ ನೀರನ್ನು ತಾನೇ ಕುಡಿದು, ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ದವಡೆಯಲ್ಲಿ ಇಟ್ಟುಕೊಂಡೇ ಮಗನಿಗೆ ಹೇಳಿದಳು: "ಆ ಗಳಾ ಮುರದು ಬಚ್ಚಲದ ಒಲಿಗಿ ಹಾಕು. ಹಸಿ ಐತೇನ್ ನೋಡು ಮೊದಲ."

ಮೀಟರಿಗೆ ಅರ್ಜಿ ಹಾಕಿದೆವು. ನಮ್ಮ ಮುಂದೆ ಯಾದಿ ದೊಡ್ಡದಿತ್ತಂತೆ. ದಿಲ್ಲಿಯಿಂದ ಕಾಕುವಿನ ಪ್ರಮಾಣಪತ್ರ ಬಂತು, ಬೀದಿಯ ಕಂಬದಿಂದ ನಮ್ಮ ಮನೆಗೆ ತಂತಿ ಬರಲಿಲ್ಲ. ಓಣಿಯಲ್ಲಿ ಆಕಡಾದ ಬೆಳಕಿಲ್ಲದ ಮನೆ ನಮ್ಮದೊಂದೇ ಆಗಿ, ಹುಡುಗರು ಅದನ್ನು "ಕಾಯ್ದೆ ಮನಿ" ಅಂದರು. ಆ ಹೆಸರು ಇಟ್ಟವನು ನಾನೇ ಎಂದು ಕಾಕಾನಿಗೆ ಸಂಶಯ. ಇರಬಹುದು.

ಪಾಸ್‌ಪೋರ್ಟ್ ಕಳಿಸುವ ಮುಂಜಾನೆ ಕಾಕು ಅದರ ಫೋಟೋ ನನಗೆ ತೋರಿಸಿದಳು. ಎರಡು ಜಡೆಯ ಹುಡುಗಿ, ಯಾರನ್ನೋ ಅಣಕಿಸಿ ಆಗಷ್ಟೇ ಬಾಯಿ ಮುಚ್ಚಿದಂತಿದ್ದಳು. ಲಕೋಟೆಯ ಬಾಯಿಗೆ ಅಂಟು ಹಚ್ಚಿದ್ದು ಕಾಕುವೇ. ಒತ್ತಿದ್ದು ಸ್ವಲ್ಪ ಹೆಚ್ಚೇ ಆಯಿತು.

ಅವತ್ತು ಸಂಜೆ ಕಾಕಾ ಚಿಮಣಿ ದೀಪದ ಗಾಜಿನ ಬುರುಡೆಯನ್ನು ಬೂದಿಯಿಂದ ತಿಕ್ಕುತ್ತ, ಯಾರಿಗೂ ಅಲ್ಲದಂತೆ ಅಂದ: "ಆಫ್ರಿಕಾದಾಗರ ಲೈಟ್ ಇತ್ತಪಾ."

ಕಾಕು ರೊಟ್ಟಿ ಹಂಚಿಗೆ ಹಾಕಿದಳು. "ಹೋಗಿ ಬರ್ರಿ ನೀವು. ಅಲ್ಲಿ ನಮ್ಮವ್ವ ಅದಾಳ, ಮಾತಾಡಿಸಿ ಬರ್ರಿ. ನನಗ ಈಗ ವೀಸಾ ಬೇಕಾಗತೈತಿ."

ಕಾಕಾ ಬುರುಡೆ ಒರೆಸಿ, ದೀಪ ಹಚ್ಚಿ, ಎಂದಿನಂತೆ ತಾನು ಕೂರುವ ಕಟ್ಟೆಯ ಮೇಲೆ ಇಡದೆ, ಒಲೆಯ ಪಕ್ಕ ಅವಳ ಕೈಯ ಹತ್ತಿರ ಇಟ್ಟ.