ಗುರುವಾರದ ಕೋಣೆಯಲ್ಲಿ ಸಿಕ್ಕ ಹಲ್ಲಿನ ಸೆಟ್ಟು

ನನ್ನ ಚಿಕ್ಕಮ್ಮನದು ಹಲ್ಲಿನ ಸೆಟ್ಟು ಮಾಡುವ ಕೆಲಸ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವಳು ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾಳೆ. ಇಪ್ಪತ್ತೆರಡು ವರ್ಷ ದುಡಿದರೂ ತನ್ನ ಹಲ್ಲು ತೊಟ್ಟವರ ಮುಖವನ್ನು ಅವಳು ನೋಡಿರಲಿಲ್ಲ. ಆದರೂ ತನ್ನ ಕೈಕೆಲಸವನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆಂಬ ಜಂಬವಿತ್ತು. ಮುಂದಿನ ಎರಡು ಹಲ್ಲುಗಳಲ್ಲಿ ಒಂದನ್ನು ಇನ್ನೊಂದರ ಮೇಲೆ ಕೂದಲೆಳೆಯಷ್ಟು ಏರಿಸುವುದು ಅವಳ ಪದ್ಧತಿ. "ನೆಟ್ಟಗೆ ಜೋಡಿಸಿದ್ರೆ ಬೇಲಿ ಥರ ಕಾಣುತ್ತೆ. ಚೂರು ಸೊಟ್ಟ ಇದ್ರೇನೇ ಸ್ವಂತದ್ದು ಅನ್ಸೋದು" ಎನ್ನುತ್ತಾಳೆ.

ಅವಳ ಕುಡಿತಕ್ಕೆ ಹೇಳಿಕೊಳ್ಳುವಂಥ ಕಾರಣವೇನೂ ಇರಲಿಲ್ಲ. ಸೊಂಟನೋವಿಗೆಂದು ಒಂದು ಗುಟುಕು, ನಿದ್ದೆಗೆಂದು ಇನ್ನೊಂದು. ಬರುಬರುತ್ತಾ ನೆಪವೂ ಬೇಡವಾಯಿತು. ಚಿಕ್ಕಪ್ಪ ಮಾತಿನ ಮನುಷ್ಯನಲ್ಲ. ಎಲ್ಲ ಗೊತ್ತಿದ್ದೂ ಬೆಳಗ್ಗೆ ಅವಳ ಫ್ಲಾಸ್ಕಿಗೆ ಬಿಸಿ ಕಾಫಿ ತುಂಬಿಕೊಡುತ್ತಿದ್ದ. ಅವಳು ಕೆಲಸದ ಕೋಣೆಗೆ ಬಂದವಳೇ ಅದನ್ನು ಸಿಂಕಿಗೆ ಸುರಿದು, ಫ್ಲಾಸ್ಕಿಗೆ ಬೇರೆಯದನ್ನು ತುಂಬಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಉಜ್ಜುವ ಯಂತ್ರ ಜಾರಿ ಹೆಬ್ಬೆರಳು ಸೀಳಿತು. ಆಸ್ಪತ್ರೆಯಲ್ಲಿ ಹೊಲಿಗೆಗೆ ಮುಂಚೆ ಗಾಯ ತೊಳೆಯುತ್ತಿದ್ದ ನರ್ಸ್ ತಲೆ ಎತ್ತದೆಯೇ ಕೇಳಿದಳು. "ಇವತ್ತು ಎಷ್ಟು ಕುಡಿದ್ರಿ?"

ಅದುವರೆಗೆ ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ. "ಎರಡು ಲೋಟ" ಎಂದಳು ಚಿಕ್ಕಮ್ಮ.

"ಲೋಟ ಎಷ್ಟು ದೊಡ್ಡದು?"

ಚಿಕ್ಕಮ್ಮ ಕೈಯಲ್ಲಿ ಅಳತೆ ತೋರಿಸಿದಳು. ನರ್ಸ್ ನಗಲೂ ಇಲ್ಲ, ಬೈಯಲೂ ಇಲ್ಲ. "ಏಕ್‌ದಮ್ ನಿಲ್ಲಿಸ್ಬೇಡಿ, ಮೈ ತಡ್ಯಲ್ಲ. ಒಳಗಿರೋ ಡಾಕ್ಟ್ರ ಹತ್ರ ಮಾತಾಡ್ಕೊಂಡು ಹೋಗಿ. ಆಮೇಲೆ ಇಲ್ಲಿಗೆ ಹೋಗಿ, ಕುಡಿತ ಬಿಟ್ಟೋರು ಸೇರ್ತಾರೆ" ಎಂದು ಚೀಟಿಯ ಹಿಂದೆ ಬರೆದುಕೊಟ್ಟಳು: ಗ್ರಂಥಾಲಯದ ಮಹಡಿ, ಗುರುವಾರ, ಸಂಜೆ ಐದು.

ಡಾಕ್ಟರು ಹೇಳಿದ ಔಷಧಿ ತೆಗೆದುಕೊಂಡು, ಎರಡು ವಾರ ಮೀನಮೇಷ ಎಣಿಸಿ, ಮೂರನೆಯ ಗುರುವಾರ ಅವಳು ಮೆಟ್ಟಿಲು ಹತ್ತಿದಳು. ಮೊದಲ ಬಾಗಿಲು ತೆರೆದಿತ್ತು. ಹತ್ತಾರು ಜನ ಸುತ್ತುಗಟ್ಟಿ ಕೂತಿದ್ದರು. "ಬನ್ನಿ ಬನ್ನಿ, ಹೊಸಬ್ರಾ? ನಾಚ್ಕೋಬೇಡಿ" ಎಂದು ಒಬ್ಬರು ಕುರ್ಚಿ ಕೊಟ್ಟರು. ಎಲ್ಲರೂ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದರು. ಇವಳೂ ಎಳೆದಳು. ಕುಡಿತ ಬಿಡಿಸುವ ವಿಧಾನ ಹೀಗೇ ಇರಬೇಕೆಂದುಕೊಂಡಳು. ಮರುಕ್ಷಣ ಇಡೀ ಕೋಣೆ ಒಟ್ಟಿಗೆ ರಾಗ ತೆಗೆಯಿತು. ಅದು ನಿವೃತ್ತರ ಸಂಗೀತದ ತರಗತಿ. ಮಧ್ಯದಲ್ಲಿ ಏಳಲು ಸಂಕೋಚವಾಗಿ ಅವಳು ಹತ್ತು ನಿಮಿಷ ಬಾಯಿ ಆಡಿಸಿಕೊಂಡು ಕೂತಿದ್ದಳು.

ನಿಜವಾದ ಕೋಣೆ ಪಕ್ಕದ್ದು. ಗೋಡೆಗೆ ಒರಗಿಸಿದ ಹರಿದ ಪುಸ್ತಕಗಳ ಕಟ್ಟುಗಳು, ಎಂಟು ಕುರ್ಚಿ, ಏಳು ಜನ ಗಂಡಸರು. ಸಭೆ ನಡೆಸುತ್ತಿದ್ದವರು ನಿವೃತ್ತ ಪೋಸ್ಟ್‌ಮ್ಯಾನ್. ಕುಡಿತ ಬಿಟ್ಟು ಒಂಬತ್ತು ವರ್ಷವಾಗಿತ್ತಂತೆ. ಅವರು ಬಾಯಿ ತೆರೆದು ಸ್ವಾಗತಿಸಿದ ಕ್ಷಣವೇ ಚಿಕ್ಕಮ್ಮನ ಕಣ್ಣು ಅವರ ಬಾಯಿಯ ಮೇಲೆ ನೆಟ್ಟಿತು. ಮುಂದಿನ ಹಲ್ಲು ಕೂದಲೆಳೆಯಷ್ಟು ಏರಿತ್ತು. ಮಾತಿನ ನಡುವೆ ಎಡಗಡೆಯಿಂದ 'ಟಕ್' ಎಂಬ ಸದ್ದೂ ಬರುತ್ತಿತ್ತು. ಸೆಟ್ಟು ಅವಳದೇ, ತಪ್ಪೂ ಅವಳದೇ. ಆ ದಿನ ಸಭೆ ಮುಗಿದದ್ದೇ ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದು ಮನೆಗೆ ಬಂದಳು.

ಮುಂದಿನ ವಾರ ಸರದಿ ತನಗೆ ಬಂದಾಗ ಅವಳು ತನ್ನ ಕಥೆ ಹೇಳಲಿಲ್ಲ. ಪೋಸ್ಟ್‌ಮ್ಯಾನ್ ಕಡೆ ತಿರುಗಿ ಕೇಳಿದಳು. "ಕಚ್ಚಿದಾಗ ಎಡಗಡೆ ಮೊದ್ಲು ತಾಗುತ್ತೆ ಅಲ್ವಾ?"

"ಹೌದಲ್ಲ. ಹಲ್ಲಿನ ಡಾಕ್ಟ್ರು ನನ್ನ ದವಡೆನೇ ಸೊಟ್ಟ ಅಂದ್ರು."

"ದವಡೆ ನೆಟ್ಟಗಿದೆ. ಆ ಸೆಟ್ಟು ಮಾಡಿದ್ದು ನಾನು. ನಾನೇ ನೆಟ್ಟಗಿರ್ಲಿಲ್ಲ."

ಪೋಸ್ಟ್‌ಮ್ಯಾನ್ ಎಡದವಡೆ ಸವರಿಕೊಂಡು, "ಎರಡು ವರ್ಷದಿಂದ ಯಾರ ಮೇಲೆ ಹಲ್ಲು ಕಡೀಬೇಕು ಅಂತ ಗೊತ್ತಾಗ್ದೆ ಒದ್ದಾಡ್ತಿದ್ದೆ. ಪುಣ್ಯಾತ್ಗಿತ್ತಿ, ತಾವಾಗೇ ಬಂದ್ರಿ" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುತ್ತ ನಗುತ್ತಲೇ ಚಿಕ್ಕಮ್ಮ ಅತ್ತಳು. ಆಮೇಲೆ ಎಲ್ಲವನ್ನೂ ಹೇಳಿದಳು, ಸಿಂಕಿಗೆ ಸುರಿದ ಕಾಫಿಯನ್ನೂ ಬಿಡದೆ.

"ಹೊಸ ಸೆಟ್ಟು ಮಾಡ್ಕೊಡ್ತೀನಿ. ಆದ್ರೆ ಈಗ ಬೇಡ, ಕೈ ನಡುಗೋದು ನಿಲ್ಲಲಿ."

"ನಿಧಾನವಾಗಿ ಮಾಡಿ. ಇಷ್ಟು ದಿನ ಗಂಜಿ ಕುಡ್ಕೊಂಡೇ ಬದುಕಿಲ್ವಾ?"

ಆರನೆಯ ವಾರ ಅವಳು ಒಮ್ಮೆ ಜಾರಿ ಮತ್ತೆ ಕುಡಿದಳು. ಗುರುವಾರ ಹೋಗಿ ಅದನ್ನೂ ಹೇಳಿದಳು. ಯಾರೂ ಬುದ್ಧಿ ಹೇಳಲಿಲ್ಲ. ಪಕ್ಕದಲ್ಲಿದ್ದ ಬಡಗಿ ಮಾತ್ರ, "ನಾಳೆ ಬೆಳಗ್ಗೆ ಫೋನ್ ಮಾಡ್ತೀನಿ, ಎತ್ತಿ" ಎಂದ. ಮಾಡಿದ. ಎತ್ತಿದಳು. ಚಿಕ್ಕಪ್ಪನೂ ಅವಳ ಜೊತೆ ಬಂದು ಕೆಳಗೆ ಪತ್ರಿಕೆ ಓದುತ್ತ ಕೂರತೊಡಗಿದ. ಹಿಂದಿರುಗುವಾಗ ಇಬ್ಬರೂ ನಡೆದೇ ಬರುತ್ತಿದ್ದರು. ಇಷ್ಟು ವರ್ಷ ಮನೆಯಲ್ಲಿ ಆಡದ ಮಾತೆಲ್ಲ ಆ ಒಂದೂವರೆ ಮೈಲಿಯಲ್ಲಿ ಆಡಿ ಮುಗಿಸಿದರು ಎನ್ನಬೇಕು.

ನಾಲ್ಕು ತಿಂಗಳಾದ ಮೇಲೆ ಸೆಟ್ಟು ತಯಾರಾಯಿತು. ಅದನ್ನು ತೊಟ್ಟ ಪೋಸ್ಟ್‌ಮ್ಯಾನ್ ಎಲ್ಲರೆದುರು ಗಟ್ಟಿ ಸೇಬೊಂದನ್ನು ಕಚ್ಚಿ ಅಗಿದರು, ಟಕ್ ಎನ್ನಲಿಲ್ಲ. ಆ ಕೋಣೆಯ ಮಾತು ಹೊರಗೆ ಬರಬಾರದೆಂಬ ನಿಯಮವಿದೆ. ಇಷ್ಟಕ್ಕೆ ಮಾತ್ರ, "ನನ್ನ ಹಲ್ಲಿನ ಕಥೆ ಊರಿಗೆಲ್ಲ ಹೇಳಿ" ಎಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ, ತನ್ನ ಪಾಲಿಗೆ ಚಿಕ್ಕಮ್ಮನೂ.

ಚಿಕ್ಕಮ್ಮ ಕುಡಿತ ಬಿಟ್ಟು ಈಗ ಮೂರು ವರ್ಷ. ಒಂದು ಗುರುವಾರ ಸಂಜೆ, ಬಾಗಿಲವರೆಗೂ ಬಂದ ಹೆಂಗಸೊಬ್ಬಳು ಒಳಗಿನ ಗಂಡಸರನ್ನು ಕಂಡು ಹಿಂದಿರುಗಿದ್ದನ್ನು ಅವಳು ನೋಡಿದ್ದಳು. ಹಾಗಾಗಿ ಮಂಗಳವಾರ ಊಟದ ಬಿಡುವಿನಲ್ಲಿ, ತನ್ನ ಕೆಲಸದ ಜಾಗದ ಮುಂಗೋಣೆಯಲ್ಲೇ ಹೆಂಗಸರಿಗೆಂದು ಸಭೆ ಶುರುಮಾಡಿದಳು. ಈಗ ಆರು ಜನ ಬರುತ್ತಾರೆ. ಹಿಂದಿರುಗಿ ಹೋದವಳೂ ಹೋದ ವಾರ ಬಂದು, "ನಾನೇನೂ ಮಾತಾಡಲ್ಲ, ಸುಮ್ನೆ ಕೂತಿರ್ತೀನಿ" ಎಂದಳಂತೆ.

"ಧಾರಾಳವಾಗಿ ಕೂತಿರಿ. ಬಾಗಿಲ ಹತ್ರ ಬೇಡ, ಬಿಸಿಲು ಹೊಡಿಯುತ್ತೆ" ಎಂದು ಚಿಕ್ಕಮ್ಮ ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಟವೆಲು ಎತ್ತಿ ಜಾಗ ಮಾಡಿಕೊಟ್ಟಳು.